ಚರಗ ಚೆಲ್ಲಿದ ಸೈಟು

ಯಲಹಂಕ,
೯ ಜೂನ್ ೨೦೨೫, ಸೋಮವಾರ

ಸ್ಮಿತಾಳ ಅಪ್ಪನವರಿಗೆ,

ರತ್ನವ್ವನ ಶರಣು. ನಿಮ್ಮ ಕೆಮ್ಮು ಹೇಗಿದೆ? ಮೊದಲು ಇದಕ್ಕೆ ಉತ್ತರ ಕೊಡಿ, ಉಳಿದದ್ದೆಲ್ಲ ಆಮೇಲೆ. ಭಾನುವಾರ ಫೋನಿನಲ್ಲಿ ಕೇಳಿದರೆ “ಏನಿಲ್ಲ, ಹವಾ ಬದಲಾಗೇತಿ” ಎನ್ನುತ್ತೀರಿ. ತಿಂಗಳುಗಟ್ಟಲೆ ಬದಲಾಗುತ್ತಲೇ ಇರುವ ಆ ಹವಾ ಯಾವುದೋ ನಾನು ಕಾಣೆ. ಇನ್ನೊಂದು ಮಾತು ಕೇಳೋಣವೆಂದರೆ ಅಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ, ನಾನು ಫೋನನ್ನು ಕಿವಿಗಿಟ್ಟುಕೊಂಡು ಹಲೋ ಹಲೋ ಎನ್ನುತ್ತಾ ಕೂತಿರಬೇಕು. ಅದಕ್ಕೇ ಈ ಪತ್ರ. ಕಾಗದಕ್ಕೆ ಸಿಗ್ನಲ್ ಬೇಡ, ನಡುವೆ ನೀವು “ಆತು, ಆತು” ಎಂದು ನನ್ನ ಬಾಯಿ ಮುಚ್ಚಿಸುವ ಹಾಗೂ ಇಲ್ಲ. ನಿಮ್ಮ ಸುರಂಗದ ಕ್ಯಾಂಪಿನ ಮನೋಹರ್ ರಜೆ ಮುಗಿಸಿ ಇವತ್ತು ಸಂಜೆ ಯಶವಂತಪುರದಲ್ಲಿ ದೆಹಲಿ ರೈಲು ಹತ್ತುತ್ತಾನೆ, ಗುರುವಾರ ನಿಮ್ಮ ಹತ್ತಿರ ಇರುತ್ತೇನೆ ಎಂದಿದ್ದಾನೆ. ಅವನ ಕೈಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿದ್ದೇನೆ. ಒಂದು ಡಬ್ಬಿಯಲ್ಲಿ ಜ್ಯೇಷ್ಠಮಧುವಿನ ಪುಡಿ ಇದೆ, ಅದು ಕೆಮ್ಮಿಗೆ. ಚಟ್ನಿಯನ್ನು ಕ್ಯಾಂಪಿಗೆಲ್ಲ ಹಂಚಿ ದಾನಶೂರರಾಗುವುದು ನಿಮ್ಮ ಅಭ್ಯಾಸ, ಈ ಪುಡಿಯನ್ನಾದರೂ ನೀವೇ ತಿನ್ನಿ.

ನಾವಿಬ್ಬರೂ ಆರಾಮ. ಖಾನಾವಳಿಗಳ ರೊಟ್ಟಿ ಕೆಲಸ ಎಂದಿನ ಹಾಗೇ ನಡೆದಿದೆ. ಉಪನಗರದ ಖಾನಾವಳಿಯವರು ಈಗ ಭಾನುವಾರವೂ ಬೇಕು ಎನ್ನುತ್ತಿದ್ದಾರೆ, ನನ್ನ ಕೈ ಒಪ್ಪಿದರೂ ಬೆನ್ನು ಒಪ್ಪುತ್ತಿಲ್ಲ. ಮಳೆ ಬಿಟ್ಟು ಬಿಟ್ಟು ಬರುತ್ತಿದೆ, ಹಿಂದಿನ ಗೋಡೆಯಲ್ಲಿ ನೀರು ಇಳಿಯುವುದು ಈ ವರ್ಷವೂ ತಪ್ಪಲಿಲ್ಲ. ಮಾಲೀಕರಿಗೆ ಹೇಳಿದರೆ ಮಳೆಗಾಲ ಮುಗಿಯಲಿ ನೋಡೋಣ ಎನ್ನುತ್ತಾರೆ. ಮಳೆಗಾಲ ಮುಗಿದ ಮೇಲೆ ನೋಡುವುದಕ್ಕೆ ಏನಿರುತ್ತದೆ ಎಂದು ಕೇಳಬೇಕೆಂದುಕೊಂಡೆ, ಬಾಡಿಗೆ ಏರಿಸುವ ತಿಂಗಳು ಹತ್ತಿರ ಬಂತಲ್ಲ ಎಂದು ಸುಮ್ಮನಾದೆ. ಬಾಡಿಗೆ ಮನೆಯಲ್ಲಿದ್ದು ಇದ್ದು ನನ್ನ ನಾಲಿಗೆಯೂ ಸ್ವಲ್ಪ ಗಿಡ್ಡವಾಗಿದೆ. ನೀವು ನಂಬುವುದಿಲ್ಲ, ಗೊತ್ತು.

ಇನ್ನು ಸ್ಮಿತಾಳ ವಿಷಯ. ಅವಳಿಗೆ ಸೀಟು ಸಿಕ್ಕಿರುವುದನ್ನು ಫೋನಿನಲ್ಲಿ ಹೇಳಿದ್ದೆ, ನೀವು ಎಷ್ಟು ಕೇಳಿಸಿಕೊಂಡಿರೋ ತಿಳಿಯದು. ಮೈಸೂರಿನ ಕಡೆಯ ಒಂದು ಸಂಸ್ಥೆ, ಎರಡು ವರ್ಷದ ಎಂ.ಎಸ್ಸಿ., ವನ್ಯಜೀವಿ ಸಂರಕ್ಷಣೆ ಅಂತ. ಎರಡು ವರ್ಷಕ್ಕೊಮ್ಮೆ ಮಾತ್ರ ಸೇರಿಸಿಕೊಳ್ಳುತ್ತಾರೆ, ಅದೂ ಒಂದು ತರಗತಿಗಾಗುವಷ್ಟೇ ಮಕ್ಕಳನ್ನು. ಪರೀಕ್ಷೆ ಬರೆದು, ಸಂದರ್ಶನಕ್ಕೆ ಹೋಗಿ, ನಮ್ಮ ಓಣಿಯಿಂದ ಇಬ್ಬರು ಆಯ್ಕೆಯಾದರು. ಒಬ್ಬಳು ನಿಮ್ಮ ಮಗಳು, ಇನ್ನೊಬ್ಬಳು ಹಿಂದಿನ ಮನೆಯಲ್ಲಿ ಬಟ್ಟೆ ಹೊಲಿಯುವ ಮೆಹಬೂಬ್ ಬೀಯವರ ಮಗಳು ರುಖ್ಸಾರ್. ಹೆಬ್ಬಾಳದ ಕಾಲೇಜಿಗೆ ಮೂರು ವರ್ಷ ಒಂದೇ ಬಸ್ಸಿನಲ್ಲಿ ಹೋಗಿ ಬಂದವರು, ಭಾನುವಾರ ಬೆಳಗಾದರೆ ಪುಟ್ಟೇನಹಳ್ಳಿ ಕೆರೆಗೆ ಹಕ್ಕಿ ಎಣಿಸಲು ಜೊತೆಯಲ್ಲೇ ಹೋಗುವವರು. ಫಲಿತಾಂಶ ಬಂದ ದಿನ ಇಬ್ಬರೂ ನನ್ನ ಹಿಟ್ಟಿನ ಕೈಯನ್ನೇ ಹಿಡಿದು ಕುಣಿದರು.

ನಾನೂ ಕುಣಿದೆ, ಯಾಕೆಂದರೆ ಅದು ಫಾರೆಸ್ಟ್ ಆಫೀಸರ್ ಆಗುವ ಓದು ಎಂದು ತಿಳಿದಿದ್ದೆ. ಕಾಡಿನ ಓದು ಓದಿದರೆ ಕಾಡಿನ ಸಾಹೇಬರಾಗುತ್ತಾರೆ, ಇದರಲ್ಲಿ ಕೇಳುವುದೇನಿದೆ? ಅಂದೇ ಇಳಕಲ್ಲಿಗೆ ನಿಮ್ಮ ತಂಗಿಗೆ ಫೋನ್ ಮಾಡಿದೆ. ನಿಮ್ಮ ತಂಗಿಗೆ ಹೇಳುವುದೂ ಒಂದೇ, ಮೈಕಿನಲ್ಲಿ ಕೂಗಿಸುವುದೂ ಒಂದೇ. ಈಗ ಇಳಕಲ್ಲಿನಲ್ಲಿ ನಿಮ್ಮ ಮಗಳು ಖಾಕಿ ಹಾಕಿ ಜೀಪಿನಲ್ಲಿ ತಿರುಗುತ್ತಿದ್ದಾಳೆ. ಬಾದಾಮಿಯಿಂದ ಒಂದು ಸಂಬಂಧವೂ ಕೇಳಿಕೊಂಡು ಬಂತು, ಹುಡುಗಿ ಸರಕಾರಿ ನೌಕರಿಯವಳಂತಲ್ಲ ಎಂದು. ಆಮೇಲೆ ಸ್ಮಿತಾ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು. ಆ ನೌಕರಿಗೆ ಬೇರೆಯೇ ಪರೀಕ್ಷೆ, ಕರೆಯುವುದೇ ಅಪರೂಪ. ಇವಳು ಓದುವುದು ಹಕ್ಕಿ, ಪ್ರಾಣಿ, ಕೆರೆ, ಕಾಡು ಹೇಗೆ ಉಳಿಯುತ್ತವೆ ಎಂಬುದನ್ನು. ಓದು ಮುಗಿದರೆ ಯಾವುದಾದರೂ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಕೆಲಸ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು, ಮತ್ತೊಂದು ಹುಡುಕಬೇಕು. ಸಂಬಳ ಶುರುವಿನಲ್ಲಿ ಇಪ್ಪತ್ತೈದು ಸಾವಿರ, ಅದೃಷ್ಟ ಇದ್ದರೆ ಮೂವತ್ತು. ನಾನು ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಖರ್ಚು ಕೇಳಿದರೆ ಫೀಸು, ಹಾಸ್ಟೆಲ್ಲು, ಕಾಡಿನಲ್ಲಿ ಒಂದು ಸೆಮಿಸ್ಟರು, ಎಲ್ಲ ಸೇರಿ ಆರು ಲಕ್ಷ. ನನಗೆ ಓದು ಕಡಿಮೆಯಾದರೂ ಲೆಕ್ಕ ಬರುತ್ತದೆ. ನಿಮ್ಮಕ್ಕನ ಮಗ ವಿಜಯಕುಮಾರ ಡಿಪ್ಲೊಮಾ ಓದಿದ್ದು ಸರಕಾರಿ ಕಾಲೇಜಿನಲ್ಲಿ, ಖರ್ಚು ಬಸ್ ಪಾಸು ಮತ್ತು ಬುತ್ತಿ. ಈಗ ಪೀಣ್ಯದ ಕಾರ್ಖಾನೆಯಲ್ಲಿ ಇವಳಿಗೆ ಸಿಗಬಹುದಾದದ್ದಕ್ಕಿಂತ ಹೆಚ್ಚು ಸಂಬಳ ತೆಗೆದುಕೊಳ್ಳುತ್ತಿದ್ದಾನೆ, ಹೋದ ತಿಂಗಳು ಬುಲೆಟ್ ಕೊಂಡು ನಮ್ಮ ಓಣಿಯಲ್ಲಿ ಬೇಕೆಂದೇ ಎರಡು ಸಲ ಸುತ್ತಿದ.

ಸಾಲ ಮಾಡೋಣವೆಂದು ನಾವಿಬ್ಬರೂ ಬ್ಯಾಂಕಿಗೂ ಹೋಗಿ ಬಂದೆವು. ನಾನು ಇಳಕಲ್ ಸೀರೆ ಉಟ್ಟು, ನಾವು ಮರ್ಯಾದಸ್ಥರು ಎಂದು ನೋಡಿದರೇ ತಿಳಿಯುವ ಹಾಗೆ ಕೂತೆ. ಮ್ಯಾನೇಜರು ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಓದು ಮುಗಿದ ಮೇಲೆ ಪ್ಲೇಸ್‌ಮೆಂಟ್ ಹೇಗಿದೆ ಎಂದು ಕೇಳಿದರು. ನಾನು ಏನಾದರೂ ಒಳ್ಳೆಯದು ಹೇಳಲಿ ಎಂದು ಇವಳ ಕಾಲು ಮೆಲ್ಲಗೆ ತುಳಿದೆ. ಇವಳು ನೆಟ್ಟಗೆ ಕೂತು, “ಪ್ಲೇಸ್‌ಮೆಂಟ್ ಅಂತ ಏನೂ ಇಲ್ಲ ಸರ್, ನಾವೇ ಹುಡುಕ್ಕೋಬೇಕು” ಅಂದಳು. ಸತ್ಯ ಹೇಳುವುದರಲ್ಲಿ ಅಪ್ಪನನ್ನೇ ಹೋಲುತ್ತಾಳೆ, ಎಲ್ಲಿ ಹೇಳಬಾರದೋ ಅಲ್ಲೇ ಹೇಳುತ್ತಾಳೆ. ಆಮೇಲೆ ನಿಮ್ಮ ಸಂಬಳದ ಚೀಟಿ ಕೇಳಿದರು. ಗುತ್ತಿಗೆದಾರರು ಕೈಗೆ ಕೊಡುವ ಹಣಕ್ಕೆ ಚೀಟಿ ಎಲ್ಲಿಂದ ತರಲಿ? ಸೋಲದೇವನಹಳ್ಳಿಯಲ್ಲಿ ನಮ್ಮದೊಂದು ಸೈಟು ಇದೆಯಲ್ಲ ಎಂದೆ. ಕಾಗದ ನೋಡಿ, ಅಮ್ಮಾ ಇದು ಬಿ ಖಾತೆ, ಬಡಾವಣೆ ಸಕ್ರಮ ಆಗಿಲ್ಲ, ಇದರ ಮೇಲೆ ನಾವು ಸಾಲ ಕೊಡುವ ಹಾಗಿಲ್ಲ ಎಂದು ಹಿಂದಕ್ಕೆ ಕೊಟ್ಟರು. ಹನ್ನೊಂದು ವರ್ಷದಿಂದ ಆ ಸೈಟಿನ ಹೆಸರು ಹೇಳಿ ನಾನು ಬೀಗುತ್ತಿದ್ದೆ. ಬ್ಯಾಂಕಿನವರ ಕಣ್ಣಿಗೆ ಅದು ಕಾಣಲೇ ಇಲ್ಲ.

ಹಾಗಾಗಿ ನಮಗೆ ಉಳಿದದ್ದು ಎರಡೇ ದಾರಿ, ಎರಡೂ ನನಗೆ ಬೇಡವಾದದ್ದು. ಒಂದು, ಮನೆ ಕಟ್ಟಲೆಂದು ಕೂಡಿಟ್ಟ ಆರು ಲಕ್ಷವನ್ನು ಫೀಸಿಗೆ ಕೊಡುವುದು. ಆ ಹಣ ಎಲ್ಲಿಂದ ಬಂತು, ಯಾಕೆ ಇಟ್ಟಿದ್ದು ಎಂದು ನಿಮಗೆ ನಾನು ಹೇಳಬೇಕೆ? ಈ ದೀಪಾವಳಿಗೆ ಸುರಂಗದ ಕೆಲಸ ಬಿಟ್ಟು ಬಂದು, ಸೈಟಿನಲ್ಲಿ ಎರಡು ಕೋಣೆ ಎಬ್ಬಿಸಿ, ಬಾಡಿಗೆ ಉಳಿಸಿ, ಆ ಉಳಿದದ್ದರಲ್ಲಿ ಲಗೇಜ್ ಆಟೋ ಒಂದರ ಕಂತು ಕಟ್ಟುತ್ತಾ ಇಲ್ಲೇ ಇರುತ್ತೇನೆ ಎಂದು ನೀವೇ ಹೇಳಿದ್ದು. ಆ ಹಣ ಹೋದರೆ ಮನೆಯಿಲ್ಲ, ಬಾಡಿಗೆ ತಪ್ಪುವುದಿಲ್ಲ, ಆಟೋ ಇಲ್ಲ. ನೀವು ಇನ್ನೂ ಎರಡು ಮೂರು ವರ್ಷ ಅಲ್ಲೇ ಬೆಟ್ಟದ ಬುಡದಲ್ಲಿ ಸುರಂಗದ ಧೂಳು ಕುಡಿಯುತ್ತಾ ಇರಬೇಕು. ಇನ್ನೊಂದು ದಾರಿ ಸೈಟನ್ನೇ ಮಾರುವುದು. ನಮಗೆ ಅದನ್ನು ಕೊಡಿಸಿದ ಸೋಲದೇವನಹಳ್ಳಿಯ ಚಿಕ್ಕಬೈರಪ್ಪ ಎರಡು ಸಲ ಬಂದು ಹೋದ, ಪಕ್ಕದ ಸೈಟಿನವರು ಇದನ್ನೂ ಸೇರಿಸಿಕೊಂಡು ಹಾಸ್ಟೆಲ್ ಕಟ್ಟುತ್ತಾರಂತೆ, ಒಳ್ಳೆಯ ಬೆಲೆ ಕೊಡುತ್ತಾರಂತೆ. “ಇಂಗೇ ಇಟ್ಕೊಂಡ್ರೆ ಮುಳ್ಳು ಬೆಳೀತದೆ ಅಕ್ಕ, ಇವಾಗ ಕೊಟ್ರೆ ಕಾಸು” ಎನ್ನುತ್ತಾನೆ. ನಾನು ಅವನಿಗೆ ಚಹಾ ಕೊಟ್ಟು ಕಳಿಸಿದೆ. ಸೈಟನ್ನು ಕೊಡಲಾರೆ. ನನ್ನ ಹೆಸರಿನಲ್ಲಿ ಈ ಭೂಮಿಯ ಮೇಲೆ ಇರುವುದು ಅದೊಂದೇ. ಒಲೆ ಯಾವ ಮೂಲೆಗೆ, ರೊಟ್ಟಿ ಹಂಚು ಎಲ್ಲಿ, ಮಳೆ ಬಂದರೆ ಹಿಟ್ಟಿನ ಚೀಲ ಎತ್ತಿಡುವ ಅಟ್ಟ ಯಾವ ಕಡೆ, ಎಲ್ಲ ನನ್ನ ತಲೆಯಲ್ಲಿ ಕಟ್ಟಿ ಮುಗಿದಿದೆ.

ನಿಮ್ಮ ಮನಸ್ಸಿನಲ್ಲಿ ಇರುವುದೂ ನನಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಆ ಇನ್ನೊಂದು ಸುರಂಗಕ್ಕೆ ಪರಿಸರದವರು ಕೋರ್ಟಿನಿಂದ ತಡೆ ತಂದಾಗ ನೀವು ತಿಂಗಳುಗಟ್ಟಲೆ ಕೂಲಿಯಿಲ್ಲದೆ ಮನೆಯಲ್ಲಿ ಕೂತಿರಿ. ಟೀವಿಯಲ್ಲಿ ಅವರು ಬೋರ್ಡ್ ಹಿಡಿದು ನಿಂತದ್ದನ್ನು ನೋಡಿ ತಾಟನ್ನು ಸರಿಸಿ ಎದ್ದು ಹೋಗಿದ್ದಿರಿ. ಸ್ಮಿತಾ ಈ ಓದಿನ ಹೆಸರು ಎತ್ತಿದ ದಿನ “ನನ್ನ ಮಗಳೂ ಅವರ ಕೂಡ ಬೋರ್ಡ್ ಹಿಡಕೊಂಡು ನಿಂದರಾಕೇನು?” ಅಂದಿರಿ. ಅವಳು ಅದನ್ನು ಇಂದಿಗೂ ಮರೆತಿಲ್ಲ. ನೀವು ಸಿಟ್ಟಿನಲ್ಲಿ ಅಂದದ್ದು ನಿಮಗೇ ಮರೆತುಹೋಗುತ್ತದೆ, ಕೇಳಿಸಿಕೊಂಡವರ ಹತ್ತಿರ ಅದು ಇರುತ್ತದೆ ಕಣ್ರೀ.

ಎಳ್ಳ ಅಮಾವಾಸ್ಯೆಯ ದಿನ ನಡೆದದ್ದನ್ನು ನೀವು ಅರ್ಧ ಕೇಳಿಸಿಕೊಂಡಿದ್ದೀರಿ. ಮಗಳು ಕೆರೆಯ ಹತ್ತಿರ ಹಿರಿಯರಿಗೆ ಅಡ್ಡ ನಿಂತಳಂತೆ, ಚರಗ ಚೆಲ್ಲಲು ಬಿಡಲಿಲ್ಲವಂತೆ ಎನ್ನುವುದಷ್ಟೇ ನಿಮ್ಮ ಕಿವಿಗೆ ಬಿತ್ತು. ಪೂರ್ತಿ ಈಗ ಕೇಳಿ. ಊರಿನಲ್ಲಾದರೆ ಅವತ್ತು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜಿಸಿ, ಮಾಡಿಕೊಂಡು ಹೋದ ಅಡುಗೆಯಲ್ಲಿ ಎಲ್ಲದರಿಂದಲೂ ಸ್ವಲ್ಪ ಮೊದಲು ಚರಗವೆಂದು ಭೂಮಿಗೆ ಚೆಲ್ಲಿ ಆಮೇಲೆ ನಾವು ಉಣ್ಣುತ್ತಿದ್ದೆವು. ಇಲ್ಲಿ ನಮ್ಮ ಓಣಿಯ ಇಳಕಲ್ಲಿನವರು, ಹುನಗುಂದದವರು, ಬಾದಾಮಿಯವರು, ಯಾರಿಗೂ ಹೊಲವಿಲ್ಲ. ಅದಕ್ಕೆ ಹೋದ ಎರಡು ವರ್ಷ ಪುಟ್ಟೇನಹಳ್ಳಿ ಕೆರೆಯ ಹಿಂಬದಿಯ ಬಯಲಿಗೆ ಹೋಗಿ ಚೆಲ್ಲಿ ಬಂದಿದ್ದೆವು. ಈ ಸಲವೂ ಸಜ್ಜೆ ಕಡುಬು, ಎಳ್ಳು ಹೋಳಿಗೆ, ಎಣ್ಣೆಗಾಯಿ, ಪುಂಡಿ ಪಲ್ಯ, ಮೊಸರು ಬುತ್ತಿ ಎಲ್ಲ ಹೊತ್ತು ಹೊರಟೆವು. ಮುಂದೆ ಕಾಡಪ್ಪ ಕಾಕಾ, ನಮಗೆಲ್ಲ ಹಿರಿಯರು ತಾನೆ. ಹೋಗಿ ನೋಡಿದರೆ ಸ್ಮಿತಾ ಬೆಳಗ್ಗೆಯೇ ಬಂದು ಅಲ್ಲಿ ನಿಂತಿದ್ದಾಳೆ. “ಕಾಕಾ, ಇಲ್ಲಿ ಚೆಲ್ಲಬ್ಯಾಡ್ರೀ” ಅಂದಳು. ಹೋದ ವರ್ಷ ನಾವು ಚೆಲ್ಲಿದ ಅನ್ನಕ್ಕೆ ಬೀದಿನಾಯಿಗಳು ಬಂದವಂತೆ, ಬಂದವು ಅಲ್ಲೇ ಉಳಿದವಂತೆ, ಬಯಲಿನ ಹುಲ್ಲಿನಲ್ಲಿ ಮೊಟ್ಟೆಯಿಟ್ಟ ಹಕ್ಕಿಗಳ ಒಂದು ಗೂಡೂ ಉಳಿಯಲಿಲ್ಲವಂತೆ. ನಾವು ಭೂಮಿತಾಯಿಗೆ ಉಣಿಸಿದೆವು ಎಂದುಕೊಂಡಿದ್ದೆವು. ಕಾಡಪ್ಪ ಕಾಕಾನ ಮುಖ ಕೆಂಪಾಯಿತು, ಹೆಣ್ಣುಮಕ್ಕಳೆಲ್ಲ ನನ್ನನ್ನು ನೋಡಿದರು, ನನಗೆ ಬುಟ್ಟಿ ಹೊತ್ತಲ್ಲೇ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಆಗ ಅವಳು ಹೇಳಿದ್ದನ್ನು ನೀವು ಕೇಳಬೇಕಿತ್ತು. “ಚರಗ ಹೊಲಕ್ಕ ಚೆಲ್ಲೂದಲ್ಲೇನ್ರೀ ಕಾಕಾ? ಇದು ಕೆರಿ. ನಮ್ಮ ಹೊಲ ಸೋಲದೇವನಹಳ್ಳ್ಯಾಗ ಐತಿ, ನಡೀರಿ” ಅಂದಳು. ಯಲಹಂಕದಲ್ಲಿ ಬೆಳೆದು ಕಣೋ ಕಣೇ ಎನ್ನುವ ಹುಡುಗಿ, ಅವತ್ತು ನಿಮ್ಮ ಅವ್ವನ ಮಾತೇ ಬಾಯಲ್ಲಿ ಬಂತು. ಎರಡು ಲಗೇಜ್ ಆಟೋ ಮೊದಲೇ ಹೇಳಿಟ್ಟಿದ್ದಳು. ಎಲ್ಲರೂ ಹತ್ತಿ ಕೂತು ಸೈಟಿಗೆ ಹೋದೆವು. ಕಳೆ ಗಿಡ ಕಿತ್ತು ಸ್ವಚ್ಛ ಮಾಡಿಟ್ಟಿದ್ದಳು, ಅದೂ ನನಗೆ ಹೇಳದೆ. ಕಾಡಪ್ಪ ಕಾಕಾ ಸುತ್ತ ನೋಡಿ, ಕಾಲಿನಿಂದ ಮಣ್ಣು ಕೆದರಿ, ಕೆಂಪು ಮಣ್ಣು ಚಲೋ ಐತಿ ಎಂದು ಕೂತರು. ಐದು ಕಲ್ಲು ಇಟ್ಟೆವು. ಚರಗ ಚೆಲ್ಲುವುದು ಮನೆಯ ಗಂಡಸಿನ ಕೆಲಸ, ನೀವಿಲ್ಲವಲ್ಲ. ಕಾಕಾನೇ ಬುಟ್ಟಿಯನ್ನು ಸ್ಮಿತಾಳ ಕೈಗೆ ಕೊಟ್ಟರು. ಅವಳು ಮುಂದೆ ಚೆಲ್ಲುತ್ತಾ, ನಾನು ಹಿಂದೆ ತಂಬಿಗೆಯ ನೀರು ಚಿಮುಕಿಸುತ್ತಾ ನಾಲ್ಕೂ ಮೂಲೆಗೆ ಹೋದೆವು. ಇಷ್ಟು ವರ್ಷ ಅದನ್ನು ಅಡಿಯ ಲೆಕ್ಕದಲ್ಲಿ ಮೂವತ್ತು ನಲವತ್ತು ಎಂದೇ ಕರೆಯುತ್ತಿದ್ದೆ. ಅದು ಭೂಮಿ, ಅದಕ್ಕೂ ಹಸಿವಿರುತ್ತದೆ ಎಂದು ಅಂದೇ ನನಗೆ ಹೊಳೆದದ್ದು. ನನಗೆ ಅಳು ಬಂತು, ಹೊಗೆ ಎಂದು ಹೇಳಿದೆ. ಅಲ್ಲಿ ಹೊಗೆ ಇರಲಿಲ್ಲ. ಈಗ ಹೇಳಿ, ಹಾಗೆ ಉಣಿಸಿದ ಭೂಮಿಯನ್ನು ಆರು ತಿಂಗಳಾಗುವುದರೊಳಗೆ ಚಿಕ್ಕಬೈರಪ್ಪನ ಕೈಗೆ ಹೇಗೆ ಕೊಡಲಿ? ಉಣಿಸಿದ ಕೈಯಿಂದಲೇ ಮಾರಿದ ಹಾಗಾಗುತ್ತದೆ.

ಇಷ್ಟೆಲ್ಲ ತಲೆ ಕೆಡಿಸಿಕೊಂಡಿರುವುದು ನಾನೊಬ್ಬಳೇ. ಓದಬೇಕಾದವಳು ತಣ್ಣಗಿದ್ದಾಳೆ. ಮೊದಲು ಹೀಗಿರಲಿಲ್ಲ, ದಿನಕ್ಕೆ ಹತ್ತು ಸಲ ಅಪ್ಪ ಏನಂದರು, ಅಪ್ಪ ಒಪ್ಪಿದರಾ ಎಂದು ಪ್ರಾಣ ತಿನ್ನುತ್ತಿದ್ದಳು. ಹೋದ ವಾರ ಮನೋಹರ್ ಬಂದು ಹೋದ ಮೇಲೆ ಒಮ್ಮೆಲೇ ಸುಮ್ಮನಾಗಿದ್ದಾಳೆ. ಅವನು ಪಡಸಾಲೆಯಲ್ಲಿ ಕೂತು ನಿಮ್ಮ ಸಮಾಚಾರ ಹೇಳಿದ. ಪಾಪ, ಅವನು ಹೇಳಬಾರದೆಂದೇ ಬಂದಿದ್ದ, ನಾನು ಬಿಡಲಿಲ್ಲ. ಕಲ್ಲು ಕೊರೆಯುವ ಮಶೀನಿನಿಂದ ನಿಮ್ಮನ್ನು ಇಳಿಸಿ ಹೊರಗಿನ ಸ್ಟೋರಿಗೆ ಹಾಕಿದ್ದಾರಂತೆ, ಎರಡು ಸಲ ಕೆಮ್ಮುತ್ತಾ ಅಲ್ಲೇ ಕುಸಿದು ಕೂತಿರಂತೆ, ಕ್ಯಾಂಪಿನ ಡಾಕ್ಟರು ಊರಿಗೆ ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ತೋರಿಸು ಎಂದರೆ ದೀಪಾವಳಿಗೆ ಹೋಗೇ ಹೋಗುತ್ತೇನಲ್ಲ ಎಂದಿರಂತೆ. ಇದು ನಿಮ್ಮ ಹವಾ ಬದಲಾವಣೆ. ನನಗೆ ನಿಮ್ಮ ಮೇಲೆ ಬಂದ ಸಿಟ್ಟನ್ನು ಕಾಗದದಲ್ಲಿ ಬರೆಯಲಾರೆ, ಬಂದಾಗ ಎದುರಿಗೇ ಕೊಡುತ್ತೇನೆ. ಸಿಟ್ಟಿಗಿಂತ ಭಯ ಹೆಚ್ಚು. ರೊಟ್ಟಿ ತಟ್ಟುವಾಗಲೂ ಎದೆಯಲ್ಲಿ ಅದೇ ಕೂತಿರುತ್ತದೆ.

ಸ್ಮಿತಾ ಆಗ ಒಳಗೆ ಹಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದಳು, ಒಂದು ರೊಟ್ಟಿ ಪೂರ್ತಿ ಕರಕಲಾಗಿತ್ತು. ಅವತ್ತಿನಿಂದ ಕಾಲೇಜಿನ ಮಾತೇ ಇಲ್ಲ. ಹೆಬ್ಬಾಳದಲ್ಲಿ ಬ್ಯಾಂಕ್ ಪರೀಕ್ಷೆಯ ಕೋಚಿಂಗ್ ವಿಚಾರಿಸಿ ಬಂದಳು. ಮನೆಯ ನಕ್ಷೆ ಎಲ್ಲಿ ಅವ್ವಾ, ಅಪ್ಪನ ಕೋಣೆಗೆ ಎರಡು ಕಿಟಕಿ ಇಡೋಣ, ಗಾಳಿ ಆಡಬೇಕು ಎಂದಳು. ಈ ಭಾನುವಾರ ಕೆರೆಗೂ ಹೋಗಲಿಲ್ಲ, ರುಖ್ಸಾರ್ ಬಂದು ಕರೆದರೆ ತಲೆನೋವು ಎಂದು ಮಲಗಿದಳು. ಫೀಸಿನ ಕತೆ ಏನಾಯಿತೇ ಎಂದರೆ, “ಮೂವತ್ತನೇ ತಾರೀಖಿನವರೆಗೂ ಟೈಮ್ ಇದೆ ಅವ್ವಾ, ಅವಸರ ಮಾಡ್ಬೇಡ” ಎನ್ನುತ್ತಾಳೆ. ಮೊದಮೊದಲು ನನಗೆ ಆಶ್ಚರ್ಯವಾಯಿತು, ಆಮೇಲೆ ಒಳಗೊಳಗೇ ಸ್ವಲ್ಪ ಸಮಾಧಾನವೂ ಆಯಿತು ಎಂದರೆ ಬೈಯಬೇಡಿ. ವಯಸ್ಸಿನ ಉತ್ಸಾಹ, ಇಳಿಯಿತು ಎಂದುಕೊಂಡೆ. ಬುದ್ಧಿ ಬಂತು ಎಂದುಕೊಂಡೆ.

ಹಾಗಾಗಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ, ನೀವೂ ಯೋಚಿಸಿ. ಅವಳೇ ತಣ್ಣಗಾಗಿರುವಾಗ ನಾವು ಬೆಂಕಿ ಊದುವುದು ಬೇಡ. ಇಪ್ಪತ್ತೈದು ಸಾವಿರದ, ಅದೂ ನಿಲ್ಲದ ಕೆಲಸಕ್ಕೆ ಆರು ಲಕ್ಷ ಸುರಿಯುವುದು ಯಾವ ಲೆಕ್ಕದಲ್ಲೂ ಕೂಡಿ ಬರುತ್ತಿಲ್ಲ, ಎಷ್ಟು ಸಲ ಕೂಡಿಸಿದರೂ ಬರುತ್ತಿಲ್ಲ. ಬ್ಯಾಂಕ್ ಪರೀಕ್ಷೆ ಬರೆಯಲಿ. ನೀವು ದೀಪಾವಳಿಗೆ ಬನ್ನಿ, ಮೊದಲು ಆಸ್ಪತ್ರೆ, ಆಮೇಲೆ ಪಾಯ. ಎರಡು ವರ್ಷ ಬಿಟ್ಟು ಆ ಸಂಸ್ಥೆಯವರು ಮತ್ತೆ ಕರೆದಾಗ ಅವಳಿಗೆ ಇನ್ನೂ ಮನಸ್ಸಿದ್ದರೆ ನೋಡೋಣ. ಹೇಗೂ ಮೂವತ್ತರವರೆಗೆ ಸಮಯವಿದೆ, ಮುಂದಿನ ಭಾನುವಾರ ಫೋನಿನಲ್ಲಿ ನಿಮ್ಮ ಅಭಿಪ್ರಾಯ ಹೇಳಿ. ಸಿಗ್ನಲ್ ಸಿಗದಿದ್ದರೆ ಮೇಲಿನ ಚಹಾ ಅಂಗಡಿಯ ಹತ್ತಿರ ಸಿಗುತ್ತದಂತೆ, ಮನೋಹರ್ ಹೇಳಿದ, ಆದರೆ ಏರಿನಲ್ಲಿ ನಿಧಾನ ಹತ್ತಿ.

ಕ್ಯಾಂಪಿನ ಎಲ್ಲರಿಗೂ ನನ್ನ ಶರಣು ತಿಳಿಸಿ. ಹೊದ್ದುಕೊಂಡು ಮಲಗಿ, ಬಿಸಿನೀರು ಕುಡಿಯಿರಿ, ಬೀಡಿ ಬಿಟ್ಟಿದ್ದೇನೆ ಎಂದದ್ದು ನಿಜವಾಗಲಿ. ಸಂಗಮನಾಥ ನಿಮ್ಮನ್ನು ಕಾಯಲಿ.

ನಿಮ್ಮ
ರತ್ನವ್ವ

ತಾ.ಕ. ಲಕೋಟೆ ಅಂಟಿಸಿದ್ದನ್ನು ಹರಿದು ಬರೆಯುತ್ತಿದ್ದೇನೆ, ಮನೋಹರ್ ಬರುವ ಹೊತ್ತಾಯಿತು. ಮೇಲೆ ಬರೆದ ತೀರ್ಮಾನವನ್ನು ಓದಿದ್ದರೆ ಬಿಟ್ಟುಬಿಡಿ. ಈಗ ಮೆಹಬೂಬ್ ಬೀ ಬಂದಿದ್ದರು, ಶನಿವಾರದ ಬಕ್ರೀದಿನ ಲೆಕ್ಕದಲ್ಲಿ ನಮಗೆಂದು ಇವತ್ತು ಬೇರೆ ಪಾತ್ರೆಯಲ್ಲಿ ಮಾಡಿದ ಶಾವಿಗೆ ಪಾಯಸ ತಂದು. ರುಖ್ಸಾರ್‌ದು ಫೀಸು ಕಟ್ಟಿ ಬಂದೆವು ಎಂದು ಹೇಳಿ, “ನಿಮ್ದೂ ಕಟ್ಟಿ ಆಯ್ತಲ್ವಾ ರತ್ನವ್ವಾ? ಮುಂದಿನ ಸೋಮವಾರಾನೇ ಲಾಸ್ಟು” ಅಂದರು. ಮೂವತ್ತಲ್ಲ ಕಣ್ರೀ. ಹದಿನಾರು. ಪಾಯಸದ ಪಾತ್ರೆಯನ್ನು ಕೆಳಗಿಟ್ಟೆ. ಸ್ಮಿತಾ ಮನೆಯಲ್ಲಿರಲಿಲ್ಲ, ಕೋಚಿಂಗಿನ ಅರ್ಜಿ ಕೊಡಲು ಹೋಗಿದ್ದಳು. ನಾನು ಅವರ ಮನೆಗೇ ಹೋಗಿ ರುಖ್ಸಾರ್‌ಳನ್ನು ಕೇಳಿದೆ. ಆ ಮಗು, ಸ್ಮಿತಾ ಆಣೆ ಹಾಕಿಸಿಕೊಂಡಿದ್ದಾಳೆ ಆಂಟೀ ಎಂದು ಅತ್ತು, ಆಮೇಲೆ ಹೇಳಿತು. ಮನೋಹರ್ ಬಂದು ಹೋದ ಮರುದಿನ ನಿಮ್ಮ ಮಗಳು ಅವಳಿಗೆ ಅಂದದ್ದಂತೆ: “ಹಕ್ಕಿಗಳು ಎರಡು ವರ್ಷ ಬಿಟ್ಟೂ ಬರ್ತಾವೆ ಕಣೇ. ಅಪ್ಪ ಮೊದಲು ಮನೆಗೆ ಬರ್ಲಿ.”

ಅವಳಿಗೆ ಉತ್ಸಾಹ ಇಳಿದಿಲ್ಲ. ನನಗೆ ಸುಳ್ಳು ತಾರೀಖು ಹೇಳಿ, ದಿನ ತಾನಾಗಿ ಕಳೆದುಹೋಗಲಿ ಎಂದು ಕಾಯುತ್ತಿದ್ದಾಳೆ, ಯಾರ ಮೇಲೂ ತಪ್ಪು ಬರದ ಹಾಗೆ. ಬ್ಯಾಂಕಿನಲ್ಲಿ ಕಾಲು ತುಳಿದರೂ ಸುಳ್ಳು ಹೇಳದವಳು ಮನೆಯಲ್ಲಿ ಹೇಳಿದಳು. ಮತ್ತು ನಾನು, ಹೆತ್ತವಳು, ಬುದ್ಧಿ ಬಂತು ಎಂದುಕೊಂಡು ಪಕ್ಕದಲ್ಲೇ ನಿಶ್ಚಿಂತೆಯಾಗಿ ಮಲಗಿದೆ.

ಈಗ ನಾನು ಹೇಳುವುದನ್ನು ಕೇಳಿ, ನಡುವೆ ಆತು ಎನ್ನಬೇಡಿ. ಚಿಕ್ಕಬೈರಪ್ಪನಿಗೆ ಫೋನ್ ಮಾಡಿದೆ. ಸೈಟು ಕೊಡುತ್ತೇನೆ ಎಂದೆ. ಹೆಸರು ನನ್ನದು, ಅದಕ್ಕೇ ನಿಮ್ಮನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಕೂಡಿಟ್ಟದ್ದರಲ್ಲಿ ಈ ವಾರ ಫೀಸು ಕಟ್ಟೋಣ, ಸೈಟಿನ ಹಣ ಬಂದರೆ ಅದು ತುಂಬಿಕೊಳ್ಳುತ್ತದೆ, ಆಸ್ಪತ್ರೆಗೂ ಆಗುತ್ತದೆ, ಆಟೋಕ್ಕೂ ಆಗುತ್ತದೆ. ಮನೆ ಆಗುವುದಿಲ್ಲ. ಆಗದಿದ್ದರೆ ಬೇಡ, ಹಿಂದಿನ ಗೋಡೆಯಲ್ಲಿ ನೀರಿಳಿಯುವುದು ನನಗೆ ಅಭ್ಯಾಸವಾಗಿದೆ. ಅವಳ ಸಂಬಳದ ಲೆಕ್ಕ ಈಗಲೂ ಕೂಡಿ ಬರುವುದಿಲ್ಲ, ಅದು ನನಗೆ ಗೊತ್ತು, ಮುಂದೆ ಏನಾಗುವುದೋ ಎಂಬ ಭಯವೂ ಹೋಗಿಲ್ಲ. ಆದರೆ ನಿಮ್ಮ ಉಸಿರಿಗಾಗಿ ತನ್ನ ಓದನ್ನೇ ಕಳೆದು ಲೆಕ್ಕ ಹಾಕುವ ಮಗಳನ್ನು ಹಾಗೇ ಬಿಟ್ಟು ನಾನು ಅಟ್ಟವಿರುವ ಹೊಸ ಮನೆಯಲ್ಲಿ ನಿದ್ದೆ ಮಾಡಲಾರೆ.

ನಾನು ಹೇಳಿದರೆ ಅವಳು ಫೀಸು ಕಟ್ಟುವುದಿಲ್ಲ, ಫೀಸಿಗಾಗಿ ಅಪ್ಪನನ್ನು ಅಲ್ಲೇ ಇರಿಸಿ, ಬರುತ್ತಾರೆ ಎಂದು ಅವ್ವ ಕತೆ ಕಟ್ಟುತ್ತಿದ್ದಾಳೆ ಎನ್ನುತ್ತಾಳೆ. ನಿಮ್ಮ ಬಾಯಿಂದಲೇ ಕೇಳಬೇಕು. ಭಾನುವಾರಕ್ಕೆ ಕಾಯಬೇಡಿ. ಗುರುವಾರ ಮನೋಹರ್ ಇದನ್ನು ಕೊಟ್ಟ ಕೂಡಲೇ ಮೇಲಿನ ಅಂಗಡಿಗೆ ಹೋಗಿ ಫೋನ್ ಮಾಡಿ, ನನಗಲ್ಲ, ಅವಳಿಗೆ. ಎತ್ತಿದ ಕೂಡಲೇ ಊಟ ಆಯಿತಾ ಅಪ್ಪಾ ಎಂದು ಮಾತು ಬೇರೆ ಕಡೆ ತಿರುಗಿಸುತ್ತಾಳೆ, ಬಿಡಬೇಡಿ. ಎರಡೇ ಮಾತು: ದೀಪಾವಳಿಗಲ್ಲ, ಈ ತಿಂಗಳೇ ಬರುತ್ತೇನೆ, ನೀನು ಹೋಗು. ಬೋರ್ಡಿನ ಮಾತನ್ನು ನೀವು ಮರೆತಿದ್ದರೂ ಅದಕ್ಕೂ ಏನಾದರೂ ಹೇಳಿ, ನಿಮಗೆ ಹೇಗೆ ತೋಚುತ್ತದೋ ಹಾಗೆ.

ಚರಗದ ಯೋಚನೆ ಇನ್ನೂ ಚುಚ್ಚುತ್ತಿದೆ. ಆದರೆ ನಾವು ಉಣಿಸಿದ್ದು ಭೂಮಿಗೆ, ಖಾತೆಗೆ ಅಲ್ಲ. ಅದು ಯಾರ ಹೆಸರಿನಲ್ಲಿದ್ದರೂ ಉಂಡದ್ದು ಉಂಡಾಯಿತು. ಆ ಐದು ಕಲ್ಲುಗಳನ್ನು ಮಾತ್ರ ನಾಳೆ ಹೋಗಿ ಎತ್ತಿಕೊಂಡು ಬರುತ್ತೇನೆ. ಮುಂದಿನ ಎಳ್ಳ ಅಮಾವಾಸ್ಯೆಗೆ ಅವನ್ನು ಎಲ್ಲಿ ಇಡಬೇಕು ಎಂದು ಸ್ಮಿತಾ ಹುಡುಕುತ್ತಾಳೆ, ಅಂಥ ಜಾಗ ಹುಡುಕುವುದನ್ನೇ ಕಲಿಯಲು ಹೋಗುತ್ತಿದ್ದಾಳಲ್ಲ. ಕಡುಬು ನಾನು ಮಾಡುತ್ತೇನೆ. ಬಾಗಿಲಲ್ಲಿ ಮನೋಹರ್ ಕರೆಯುತ್ತಿದ್ದಾನೆ. ಬುಟ್ಟಿ ಹಿಡಿದು ಮುಂದೆ ನಡೆಯುವವರು ಈ ಸಲ ನೀವೇ ಆಗಿರಬೇಕು.